ವರ್ಷಾಂತ್ಯದ ಜರ್ನಲ್ ನಮೂದುಗಳು: ಅಕ್ಕಿ ಗಿರಣಿ, ಜಿನ್ನಿಂಗ್ ಫ್ಯಾಕ್ಟರಿ, ಜೀನ್ಸ್ ಘಟಕಗಳ ಲೆಕ್ಕಿಗರೂ ಬಿ.ಕಾಂ. ವಿದ್ಯಾರ್ಥಿಗಳೂ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಲೆಕ್ಕ ಬರೆಯುವವರನ್ನೂ ಅಕೌಂಟೆನ್ಸಿ ಓದುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇವೆ. ಉದಾಹರಣೆಗಳಲ್ಲಿರುವ ದರ, ಮೊತ್ತಗಳು ಲೆಕ್ಕ ತೋರಿಸಲಿಕ್ಕೆ ಹಾಕಿದವು, ಮಾರುಕಟ್ಟೆಯ ದರವಲ್ಲ. ತೆರಿಗೆಯ ಕಲಂಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಲೆಕ್ಕಕ್ಕೆ ಅವೇ ಅನ್ವಯ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಾಗುವುದರಿಂದ ಮುಂದಿನ ವರ್ಷಗಳಿಗೆ ಕಲಂ ಸಂಖ್ಯೆಗಳು ಬದಲಾಗುತ್ತವೆ.

ಪ್ರಶ್ನೆ: ಡೆಬಿಟ್, ಕ್ರೆಡಿಟ್ ನಿಯಮ ಬಾಯಿಪಾಠ ಇದೆ. ಆದರೂ ವರ್ಷಾಂತ್ಯದ ನಮೂದು ತಪ್ಪುತ್ತದೆ. ಯಾಕೆ?

ನಿಯಮ ನೆನಪಿಲ್ಲದೆ ತಪ್ಪುವವರು ಕಡಿಮೆ. ‘ಇದು ಯಾವ ವರ್ಷದ್ದು?’ ಎಂದು ಕೇಳಿಕೊಳ್ಳದೆ ಬರೆಯುವವರೇ ಹೆಚ್ಚು. ಹಣ ಯಾವತ್ತು ಕೈಬಿಟ್ಟಿತು ಎನ್ನುವುದಕ್ಕೂ ಖರ್ಚು ಯಾವ ವರ್ಷಕ್ಕೆ ಸೇರುತ್ತದೆ ಎನ್ನುವುದಕ್ಕೂ ಸಂಬಂಧವಿಲ್ಲ. ವರ್ಷಾಂತ್ಯದ ಪ್ರತಿ ಹೊಂದಾಣಿಕೆಗೂ ಎರಡು ಪ್ರಶ್ನೆ ಹಾಕಿ: ಇದು ಮಾರ್ಚ್ 31ರ ಒಳಗಿನದೋ ಆಚೆಯದೋ? ಅದನ್ನು ತೋರಿಸುವ ಕಾಗದ ಯಾವುದು? ಎರಡಕ್ಕೂ ಉತ್ತರ ಸಿಕ್ಕಿದರೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಪ್ರಶ್ನೆ: ಯಾವುದರಿಂದ ಶುರು ಮಾಡಬೇಕು?

ಬ್ಯಾಂಕಿನಿಂದ. ಬ್ಯಾಂಕ್ ಖಾತೆ, ಸಿ.ಸಿ. (ಕ್ಯಾಶ್ ಕ್ರೆಡಿಟ್) ಖಾತೆ, ಸಾಲದ ಖಾತೆ ಮೂರನ್ನೂ ಬ್ಯಾಂಕಿನ ಸ್ಟೇಟ್‌ಮೆಂಟ್ ಜತೆ ತಾಳೆ ಮಾಡುವವರೆಗೆ ಬೇರೆ ಹೊಂದಾಣಿಕೆ ಮುಟ್ಟಬೇಡಿ. ಆಮೇಲೆ ದಾಸ್ತಾನು, ಅದರ ನಂತರ ಬಾಕಿ ಖರ್ಚು ಮತ್ತು ಮುಂಗಡ ಖರ್ಚು, ಬಳಿಕ ಜಿಎಸ್‌ಟಿ ತಾಳೆ, ಸವಕಳಿ. ಪಾಲುದಾರರ ಬಡ್ಡಿ, ಸಂಬಳ, ಲಾಭ ಹಂಚಿಕೆ ಕಟ್ಟಕಡೆಗೆ. ಈ ಕ್ರಮ ಯಾಕೆಂದರೆ ಪಾಲುದಾರರ ಸಂಬಳದ ಮಿತಿ ಲಾಭದ ಮೇಲೆ ನಿಂತಿದೆ, ಲಾಭ ಸವಕಳಿಯ ಮೇಲೆ, ಸವಕಳಿ ಆಸ್ತಿಯ ಬೆಲೆಯ ಮೇಲೆ, ಆಸ್ತಿಯ ಬೆಲೆ ಐಟಿಸಿ (ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯ ಜಮೆ) ತೆಗೆದುಕೊಂಡಿದ್ದೀರೋ ಇಲ್ಲವೋ ಎಂಬುದರ ಮೇಲೆ. ನಡುವೆ ಒಂದು ಸಂಖ್ಯೆ ಬದಲಾದರೆ ಅದರ ಕೆಳಗಿನದೆಲ್ಲ ಮತ್ತೆ ಬರೆಯಬೇಕು.

ಸಾಲದ ಖಾತೆಯಲ್ಲಿ ಒಂದು ತಪ್ಪು ಪ್ರತಿ ವರ್ಷ ಸಿಗುತ್ತದೆ. ತಿಂಗಳ ಕಂತು ಪೂರ್ತಿಯನ್ನೂ ಸಾಲದ ಖಾತೆಗೆ ಡೆಬಿಟ್ ಮಾಡಿರುತ್ತಾರೆ, ಬಡ್ಡಿಯನ್ನು ಬೇರ್ಪಡಿಸಿರುವುದಿಲ್ಲ. ಹೀಗಾದರೆ ಪುಸ್ತಕದಲ್ಲಿ ಸಾಲ ಬ್ಯಾಂಕಿನ ಲೆಕ್ಕಕ್ಕಿಂತ ಕಡಿಮೆ ಕಾಣುತ್ತದೆ. ಬ್ಯಾಂಕಿನಿಂದ ಮಾರ್ಚ್ 31ರ ಸಾಲದ ಸ್ಟೇಟ್‌ಮೆಂಟ್ ತನ್ನಿ. ಎರಡು ಬಾಕಿಗಳ ವ್ಯತ್ಯಾಸ ಬಿಟ್ಟುಹೋದ ಬಡ್ಡಿಗೆ ಸರಿಯಾಗಿ ಕೂಡಿದರೆ ಒಂದೇ ನಮೂದು ಸಾಕು: ಬಡ್ಡಿ ಖಾತೆ ಡೆಬಿಟ್, ಸಾಲದ ಖಾತೆ ಕ್ರೆಡಿಟ್.

ಪ್ರಶ್ನೆ: ಅಕ್ಕಿ ಗಿರಣಿಯ ಅಂತಿಮ ದಾಸ್ತಾನಿಗೆ ಬೆಲೆ ಕಟ್ಟುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಪುಸ್ತಕಗಳಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

ಮೊದಲು ತೂಕ. ಇಲ್ಲಿ ಭತ್ತದ ಚೀಲ ಎಂದರೆ 75 ಕೆಜಿ. ಅಕ್ಕಿ ಹೋಗುವುದು 25 ಕೆಜಿ ಚೀಲದಲ್ಲಿ. ‘ಚೀಲ’ ಎಂದಷ್ಟೇ ಬರೆದ ದಾಸ್ತಾನು ಪಟ್ಟಿಗೆ ಬೆಲೆ ಇಲ್ಲ. ಎಲ್ಲವನ್ನೂ ಕ್ವಿಂಟಲ್‌ಗೆ ಇಳಿಸಿ: 400 ಚೀಲ ಭತ್ತ ಎಂದರೆ 300 ಕ್ವಿಂಟಲ್.

ಎರಡನೆಯದು ತೇವಾಂಶ. ಶೇ 20 ತೇವಾಂಶದ 100 ಕ್ವಿಂಟಲ್ ಭತ್ತವನ್ನು ಶೇ 14ಕ್ಕೆ ಒಣಗಿಸಿದರೆ ಉಳಿಯುವುದು 80 ÷ 0.86, ಅಂದರೆ ಸುಮಾರು 93 ಕ್ವಿಂಟಲ್. ಪುಸ್ತಕದಲ್ಲಿ 100, ಗೋದಾಮಿನಲ್ಲಿ 93 ಇದ್ದರೆ ಯಾರೋ ಕದ್ದರು ಎಂದಲ್ಲ. ಇದು ಸಹಜ ನಷ್ಟ. ಇದಕ್ಕೆ ಹಣದ ನಮೂದು ಬೇಡ, ಪ್ರಮಾಣ ಮಾತ್ರ ಇಳಿಸಿ. ಒಟ್ಟು ವೆಚ್ಚ ಅಷ್ಟೇ ಉಳಿದು ಕ್ವಿಂಟಲ್ ದರ ತಾನಾಗಿ ಏರುತ್ತದೆ.

ಮೂರನೆಯದು ವೆಚ್ಚ. ಭತ್ತದ ಬೆಲೆ, ದಲಾಲಿ, ಹಮಾಲಿ, ಮಾರುಕಟ್ಟೆ ಶುಲ್ಕ, ಗಿರಣಿಗೆ ತಂದ ಸಾಗಣೆ ಇವೆಲ್ಲ ದಾಸ್ತಾನಿನ ಬೆಲೆಯೊಳಗೆ ಬರಬೇಕು. ಅಕ್ಕಿ ಮಾರುವಾಗಿನ ಸಾಗಣೆ, ಮಾರಾಟದ ದಲಾಲಿ, ಕಚೇರಿ ಖರ್ಚು ಬರಬಾರದು. ಅಕ್ಕಿಗೆ ಬೆಲೆ ಕಟ್ಟುವಾಗ ನುಚ್ಚು, ತೌಡು, ಹೊಟ್ಟಿನಿಂದ ಸಿಗುವ ಹಣವನ್ನು ಒಟ್ಟು ವೆಚ್ಚದಿಂದ ಕಳೆಯಬೇಕು. ಒಂದು ಲೆಕ್ಕ ನೋಡಿ. 1,000 ಕ್ವಿಂಟಲ್ ಭತ್ತಕ್ಕೆ ಎಲ್ಲ ಸೇರಿ 23,00,000 ರೂ., ಮಿಲ್ಲಿಂಗ್ ವೆಚ್ಚ 1,20,000, ಒಟ್ಟು 24,20,000. ತೌಡಿನಿಂದ 1,20,000, ಹೊಟ್ಟಿನಿಂದ 60,000, ನುಚ್ಚಿನಿಂದ 1,20,000 ಬರುವಂತಿದೆ, ಒಟ್ಟು 3,00,000. ಕಳೆದರೆ 21,20,000. ಬಂದ ಅಕ್ಕಿ 600 ಕ್ವಿಂಟಲ್. ಹಾಗಾದರೆ ಕ್ವಿಂಟಲ್‌ಗೆ 3,533 ರೂ. 33 ಪೈಸೆ. ಮಾರ್ಚ್ 31ಕ್ಕೆ 90 ಕ್ವಿಂಟಲ್ ಉಳಿದಿದ್ದರೆ ಅದರ ಬೆಲೆ 3,18,000.

ಈ ವೆಚ್ಚವನ್ನು ಮಾರಿದರೆ ಕೈಗೆ ಬರುವ ನಿವ್ವಳ ಬೆಲೆಯೊಂದಿಗೆ ಹೋಲಿಸಿ, ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯಬೇಕು. ಲೆಕ್ಕ ಮಾನಕ 2 ಹೇಳುವುದು ಇದನ್ನೇ. ಆದರೆ ಭತ್ತದ ದರ ಮಾರ್ಚ್‌ನಲ್ಲಿ ಕುಸಿದಿದೆ ಎಂಬ ಒಂದೇ ಕಾರಣಕ್ಕೆ ಭತ್ತದ ದಾಸ್ತಾನಿನ ಬೆಲೆ ಇಳಿಸುವಂತಿಲ್ಲ. ಅದರಿಂದ ಮಾಡುವ ಅಕ್ಕಿ ವೆಚ್ಚಕ್ಕೋ ಅದಕ್ಕಿಂತ ಹೆಚ್ಚಿಗೋ ಮಾರಾಟವಾಗುವಂತಿದ್ದರೆ ಕಚ್ಚಾ ಮಾಲು ವೆಚ್ಚದಲ್ಲೇ ಉಳಿಯುತ್ತದೆ.

ಕಡೆಗೊಂದು ಪರೀಕ್ಷೆ. ಸರ್ಕಾರಕ್ಕೆ ಗಿರಣಿಗಳು ಅಕ್ಕಿ ಮಾಡಿಕೊಡುವಾಗ ಹಸಿ ಅಕ್ಕಿಗೆ ಶೇ 67, ಕುಸುಬಲು ಅಕ್ಕಿಗೆ ಶೇ 68 ಇಳುವರಿ ಹಿಡಿಯುವುದು ವಾಡಿಕೆ. ನಿಮ್ಮ ಪುಸ್ತಕದಲ್ಲಿ ನುಚ್ಚು ಸೇರಿ ಶೇ 74 ಬಂದಿದೆ ಎಂದರೆ ಎಲ್ಲೋ ಭತ್ತದ ಖರೀದಿ ಬಿಟ್ಟುಹೋಗಿದೆ, ಇಲ್ಲವೇ ಹಿಂದಿನ ವರ್ಷದ ಅಂತಿಮ ದಾಸ್ತಾನನ್ನು ಕಡಿಮೆ ಬರೆಯಲಾಗಿದೆ. ಶೇ 58 ಬಂದಿದ್ದರೆ ಅಕ್ಕಿ ಮಾರಾಟ ಬಿಟ್ಟಿದೆ ಅಥವಾ ಗೋದಾಮಿನ ಎಣಿಕೆ ತಪ್ಪಿದೆ. ಈ ಭಾಗಾಕಾರಕ್ಕೆ ಐದು ನಿಮಿಷ ಸಾಕು. ಆಡಿಟರ್ ಕೇಳುವ ಮೊದಲೇ ಮಾಡಿಟ್ಟುಕೊಳ್ಳಿ.

ನಮೂದು:
ಅಂತಿಮ ದಾಸ್ತಾನು ಖಾತೆ, ಡೆಬಿಟ್ 3,18,000
ಟ್ರೇಡಿಂಗ್ ಖಾತೆಗೆ, ಕ್ರೆಡಿಟ್ 3,18,000

ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ದಾಸ್ತಾನು ವಿವರ ಇಡದೆ ಬರೀ ಲೆಕ್ಕ ಇಟ್ಟಿದ್ದರೆ ಈ ಜರ್ನಲ್ ಹಾಕಬೇಡಿ. ‘ಸ್ಟಾಕ್ ಇನ್ ಹ್ಯಾಂಡ್’ ಗುಂಪಿನ ಲೆಡ್ಜರ್ ತೆರೆದು ಮಾರ್ಚ್ 31ರ ದಿನಾಂಕಕ್ಕೆ ಅಂತಿಮ ಬಾಕಿ ತುಂಬಿದರೆ ಸಾಕು. ಎರಡನ್ನೂ ಮಾಡಿದರೆ ಲಾಭ ಎರಡು ಸಲ ಏರುತ್ತದೆ.

ಪ್ರಶ್ನೆ: ಮಳೆಗೆ ನೆಂದು ಹಾಳಾದ ಅಥವಾ ಬೆಂಕಿಗೆ ಹೋದ ಮಾಲು?

ಅದು ಸಹಜ ನಷ್ಟವಲ್ಲ, ಉಳಿದ ಮಾಲಿನ ಬೆಲೆಯ ಮೇಲೆ ಹೇರುವಂತಿಲ್ಲ. 20,000 ರೂ. ಮಾಲು ಹೋಗಿದ್ದು, ವಿಮಾ ಕಂಪನಿ 15,000 ಕೊಡಲು ಒಪ್ಪಿದ್ದರೆ: ವಿಮಾ ಕಂಪನಿ ಖಾತೆ ಡೆಬಿಟ್ 15,000, ಲಾಭ-ನಷ್ಟ ಖಾತೆ ಡೆಬಿಟ್ 5,000, ಟ್ರೇಡಿಂಗ್ ಖಾತೆ ಕ್ರೆಡಿಟ್ 20,000. ಪರೀಕ್ಷೆಯಲ್ಲಿ 5,000 ಮಾತ್ರ ಬರೆದು ಟ್ರೇಡಿಂಗ್ ಖಾತೆ ಮರೆಯುವವರು ಬಹಳ. ಜಿಎಸ್‌ಟಿ ಇರುವ ಮಾಲಾದರೆ ಅದರ ಮೇಲೆ ತೆಗೆದುಕೊಂಡ ಐಟಿಸಿಯನ್ನೂ ವಾಪಸ್ ಮಾಡಬೇಕು.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕ. ಬಟ್ಟೆ ಹೊಲಿಗೆಗೆ ಒಬ್ಬರ ಬಳಿ, ವಾಷಿಂಗ್‌ಗೆ ಇನ್ನೊಬ್ಬರ ಬಳಿ ಇದೆ. ನಮ್ಮ ಕಾರ್ಖಾನೆಯಲ್ಲಿ ಇಲ್ಲದ ಮಾಲನ್ನು ದಾಸ್ತಾನಿಗೆ ಸೇರಿಸಬೇಕೇ?

ಸೇರಿಸಲೇಬೇಕು. ಜಾಬ್ ವರ್ಕ್‌ಗೆ ಕೊಟ್ಟ ಮಾಲು ಯಾರ ಶೆಡ್‌ನಲ್ಲಿದ್ದರೂ ನಿಮ್ಮದೇ. ಕಳಿಸಿದ ಚಲನ್‌ಗಳಿಂದ ವಾಪಸ್ ಬಂದ ಪೀಸ್‌ಗಳನ್ನು ಕಳೆದು, ಉಳಿದದ್ದಕ್ಕೆ ಆ ಜಾಬ್ ವರ್ಕರ್‌ನಿಂದ ಮಾರ್ಚ್ 31ರ ದಿನಾಂಕದ ಸಹಿ ಪತ್ರ ಪಡೆಯಿರಿ. ಅರ್ಧ ಆದ ಪ್ಯಾಂಟಿನ ಬೆಲೆಗೆ ಬಟ್ಟೆ, ಕಟಿಂಗ್, ಅಲ್ಲಿಯವರೆಗೆ ಆದ ಹೊಲಿಗೆ ಕೂಲಿ ಸೇರುತ್ತವೆ. ವಾಷಿಂಗ್ ಆಗಿಲ್ಲದಿದ್ದರೆ ಅದರ ಕೂಲಿ ಸೇರುವುದಿಲ್ಲ. ಜಿಎಸ್‌ಟಿ ಪ್ರಕಾರ ಜಾಬ್ ವರ್ಕ್‌ಗೆ ಹೋದ ಕಚ್ಚಾ ಮಾಲು 1 ವರ್ಷದೊಳಗೆ, ಯಂತ್ರೋಪಕರಣ 3 ವರ್ಷದೊಳಗೆ ವಾಪಸ್ ಬರಬೇಕು. ಹಳೆಯ ಚಲನ್ ಯಾವುದಾದರೂ ಬಾಕಿ ಉಳಿದಿದೆಯೇ ಎಂದು ಇದೇ ಹೊತ್ತಿಗೆ ನೋಡಿ.

ಮುಗಿದ ಕೆಲಸಕ್ಕೆ ಬಿಲ್ ಬರದಿದ್ದರೂ ಖರ್ಚು ಬರೆಯಬೇಕು. ಮಾರ್ಚ್ 28ಕ್ಕೆ 1,200 ಪ್ಯಾಂಟ್ ಹೊಲಿದು ಕೊಟ್ಟಿದ್ದಾರೆ, ದರ 85 ರೂ., ಬಿಲ್ ಏಪ್ರಿಲ್ 6ರಂದು ಬಂತು ಎನ್ನಿ.

ಹೊಲಿಗೆ ಕೂಲಿ ಖಾತೆ, ಡೆಬಿಟ್ 1,02,000
ಬಾಕಿ ಹೊಲಿಗೆ ಕೂಲಿ ಖಾತೆಗೆ, ಕ್ರೆಡಿಟ್ 1,02,000

ಜಿಎಸ್‌ಟಿ ಸೇರಿಸಬೇಡಿ. ಬಿಲ್ ಕೈಗೆ ಬಂದು ಜಿಎಸ್‌ಟಿ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಕಾಣುವವರೆಗೆ ಐಟಿಸಿ ಇಲ್ಲ. ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಮಾತ್ರ ಬಿಡುವಂತಿಲ್ಲ. ಕಲಂ 194ಸಿ ಅಡಿಯಲ್ಲಿ ಹಣ ಕೊಟ್ಟ ದಿನ ಅಥವಾ ಖಾತೆಗೆ ಕ್ರೆಡಿಟ್ ಮಾಡಿದ ದಿನ, ಯಾವುದು ಮೊದಲೋ ಆ ದಿನ ಕಡಿತ ಮಾಡಬೇಕು. ‘ಬಾಕಿ ಖರ್ಚು’ ಎಂದು ಬೇರೆ ಹೆಸರಿಟ್ಟರೂ ಅದು ಕ್ರೆಡಿಟ್ಟೇ. ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬಕ್ಕೆ ಶೇ 1, ಉಳಿದವರಿಗೆ ಶೇ 2. ಒಂದು ಬಿಲ್ 30,000 ಅಥವಾ ವರ್ಷಕ್ಕೆ 1,00,000 ಮೀರಿದರೆ ಮಾತ್ರ ಕಡಿತ. ನಿಮ್ಮ ಘಟಕಕ್ಕೆ ಮಾಲೀಕ ಒಬ್ಬನೇ ಆಗಿದ್ದರೆ ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ದರಷ್ಟೇ ಈ ಹೊಣೆ. ಮಾರ್ಚ್‌ನ ಕಡಿತವನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು.

ಪ್ರಶ್ನೆ: ಮಾರ್ಚ್ ತಿಂಗಳ ಕರೆಂಟ್ ಬಿಲ್ ಏಪ್ರಿಲ್‌ನಲ್ಲಿ ಬರುತ್ತದೆ. ಯಾವ ವರ್ಷಕ್ಕೆ?

ಬಳಸಿದ ದಿನಗಳ ಪ್ರಕಾರ ಹಂಚಿ. ಜೆಸ್ಕಾಂ ಬಿಲ್ ಮಾರ್ಚ್ 12ರಿಂದ ಏಪ್ರಿಲ್ 11ರವರೆಗೆ, 46,500 ರೂ. ಎನ್ನಿ. ಒಟ್ಟು 31 ದಿನ, ದಿನಕ್ಕೆ 1,500. ಮಾರ್ಚ್ 12ರಿಂದ 31ರವರೆಗೆ 20 ದಿನ. ಹಾಗಾಗಿ 30,000 ಈ ವರ್ಷಕ್ಕೆ. ಗಿರಣಿ ಮಾರ್ಚ್ ಕೊನೆಗೆ ಜೋರಾಗಿ ಓಡಿ ಏಪ್ರಿಲ್‌ನಲ್ಲಿ ನಿಂತಿದ್ದರೆ ದಿನದ ಲೆಕ್ಕಕ್ಕಿಂತ ಮಾರ್ಚ್ 31ರ ಮೀಟರ್ ರೀಡಿಂಗ್ ಫೋಟೊ ಹೆಚ್ಚು ಸರಿಯಾದ ಆಧಾರ.

ವಿದ್ಯುತ್ ಖರ್ಚು ಖಾತೆ, ಡೆಬಿಟ್ 30,000
ಬಾಕಿ ವಿದ್ಯುತ್ ಖರ್ಚು ಖಾತೆಗೆ, ಕ್ರೆಡಿಟ್ 30,000

ತಪ್ಪುವುದು ಇಲ್ಲಲ್ಲ, ಏಪ್ರಿಲ್‌ನಲ್ಲಿ. ಬಿಲ್ ಕಟ್ಟುವಾಗ ಅಭ್ಯಾಸಬಲದಿಂದ 46,500 ಪೂರ್ತಿ ವಿದ್ಯುತ್ ಖರ್ಚಿಗೆ ಹೋಗುತ್ತದೆ. ಬಾಕಿ ಖಾತೆಯಲ್ಲಿ 30,000 ವರ್ಷಗಟ್ಟಲೆ ಕೂತಿರುತ್ತದೆ. ಅದಕ್ಕೆ ಏಪ್ರಿಲ್ 1ರಂದೇ ನಮೂದನ್ನು ತಿರುಗಿಸಿ ಬಿಡಿ: ಬಾಕಿ ಖಾತೆ ಡೆಬಿಟ್, ವಿದ್ಯುತ್ ಖರ್ಚು ಕ್ರೆಡಿಟ್. ಆಮೇಲೆ ಬಿಲ್ ಪೂರ್ತಿ ಖರ್ಚಿಗೆ ಬರೆದರೂ ಹೊಸ ವರ್ಷಕ್ಕೆ ಉಳಿಯುವುದು 16,500 ಮಾತ್ರ. ಸಂಬಳ, ಬಾಡಿಗೆ, ಆಡಿಟ್ ಶುಲ್ಕಕ್ಕೂ ಇದೇ ಪದ್ಧತಿ.

ಪ್ರಶ್ನೆ: ವಿಮೆಯ ಮುಂಗಡವನ್ನು ತಿಂಗಳ ಲೆಕ್ಕದಲ್ಲಿ ತೆಗೆಯಬೇಕೋ ದಿನದ ಲೆಕ್ಕದಲ್ಲೋ?

ಪರೀಕ್ಷೆಯಲ್ಲಿ ತಿಂಗಳು, ಕಚೇರಿಯಲ್ಲಿ ದಿನ. ಜನವರಿ 1ರಿಂದ ಒಂದು ವರ್ಷಕ್ಕೆ 18,250 ಕಟ್ಟಿದ್ದರೆ ದಿನಕ್ಕೆ 50 ರೂ. ಮಾರ್ಚ್ 31ರವರೆಗೆ 90 ದಿನ, 4,500. ಉಳಿದ 13,750 ಮುಂಗಡ ವಿಮೆ ಖಾತೆಗೆ ಡೆಬಿಟ್, ವಿಮೆ ಖರ್ಚಿಗೆ ಕ್ರೆಡಿಟ್.

ಪ್ರಶ್ನೆ: ಹೊಸ ಯಂತ್ರಕ್ಕೆ ಸವಕಳಿ ಪೂರ್ತಿಯೋ ಅರ್ಧವೋ?

ಆದಾಯ ತೆರಿಗೆ ಲೆಕ್ಕಕ್ಕೆ 180 ದಿನದ ಗೆರೆ ಇದೆ. ಖರೀದಿಸಿದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ದರ. ಫೆಬ್ರವರಿಗೆ 28 ದಿನವಿರುವ ವರ್ಷದಲ್ಲಿ ಅಕ್ಟೋಬರ್ 3ರಿಂದ ಎಣಿಸಿದರೆ ಸರಿಯಾಗಿ 180 ಬರುತ್ತದೆ. ಅಕ್ಟೋಬರ್ 4ಕ್ಕೆ 179. ಎಣಿಸಬೇಕಾದ್ದು ಬಿಲ್‌ನ ದಿನಾಂಕದಿಂದಲ್ಲ, ಯಂತ್ರ ಕೆಲಸಕ್ಕೆ ಹಚ್ಚಿದ ದಿನದಿಂದ. ಸೆಪ್ಟೆಂಬರ್ ಬಿಲ್ ಇದ್ದು, ಕರೆಂಟ್ ಸಂಪರ್ಕ ನವೆಂಬರ್‌ನಲ್ಲಿ ಸಿಕ್ಕಿದ್ದರೆ ಅರ್ಧವೇ.

2025ರ ಅಕ್ಟೋಬರ್ 10ಕ್ಕೆ ಓಡಲು ಶುರುವಾದ 8,00,000 ರೂ. ಯಂತ್ರ, ಜತೆಗೆ ಜಿಎಸ್‌ಟಿ 1,44,000 ಎನ್ನಿ. ಐಟಿಸಿ ತೆಗೆದುಕೊಂಡಿದ್ದರೆ ಆಸ್ತಿಯ ಬೆಲೆ 8,00,000 ಮಾತ್ರ. 9,44,000ರ ಮೇಲೆ ಸವಕಳಿಯೂ ಬೇಕು, ಐಟಿಸಿಯೂ ಬೇಕು ಎಂದರೆ ಆಗದು. ಬಳಕೆ 173 ದಿನ, ಶೇ 15ರ ಅರ್ಧ ಶೇ 7.5, ಸವಕಳಿ 60,000. ಯಂತ್ರ ತಂದ ಲಾರಿ ಬಾಡಿಗೆ, ಫೌಂಡೇಶನ್, ಜೋಡಿಸಿದ ಕೂಲಿ ಯಂತ್ರದ ಬೆಲೆಗೇ ಸೇರುತ್ತವೆ, ಖರ್ಚಿಗಲ್ಲ.

ದರಗಳು: ಸಾಮಾನ್ಯ ಯಂತ್ರ ಶೇ 15, ಪೀಠೋಪಕರಣ ಶೇ 10, ಕಾರ್ಖಾನೆ ಕಟ್ಟಡ ಶೇ 10, ಕಂಪ್ಯೂಟರ್ ಶೇ 40. ಜಮೀನಿಗೆ ಸವಕಳಿಯೇ ಇಲ್ಲ. ಕಟ್ಟಡ ಸಮೇತ ಕೊಂಡಿದ್ದರೆ ಜಮೀನಿನ ಬೆಲೆ ಬೇರ್ಪಡಿಸಿ. ಲಾರಿಗೆ ಎರಡು ದರ: ಸಂಡೂರಿನ ಅದಿರು ಸಾಗಿಸಿ ಬಾಡಿಗೆಗೆ ಓಡಿಸುವವರದಾದರೆ ಶೇ 30, ಸ್ವಂತ ಮಾಲು ಹೊರುವ ಗಿರಣಿಯದಾದರೆ ಶೇ 15.

ಕಂಪನಿಗಳ ಪುಸ್ತಕದಲ್ಲಿ ಈ ಶೇಕಡಾ ನಡೆಯುವುದಿಲ್ಲ. ಅಲ್ಲಿ 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೆ ಆಯುಷ್ಯ ಹಿಡಿಯಬೇಕು: ಸಾಮಾನ್ಯ ಯಂತ್ರಕ್ಕೆ 15 ವರ್ಷ, ಕಂಪ್ಯೂಟರ್‌ಗೆ 3 ವರ್ಷ, ಕೊಂಡ ದಿನದಿಂದ ದಿನದ ಲೆಕ್ಕ. ವಿದ್ಯಾರ್ಥಿಗಳಿಗೆ 180 ದಿನದ ನಿಯಮ ಬೇಡ. ಪ್ರಶ್ನೆಯಲ್ಲಿ ‘ವಾರ್ಷಿಕ ಶೇ 10’ ಎಂದಿದ್ದು ಅಕ್ಟೋಬರ್ 1ಕ್ಕೆ ಕೊಂಡಿದ್ದರೆ ಆರು ತಿಂಗಳ ಸವಕಳಿ ಹಾಕುವುದು ರೂಢಿ.

ಪ್ರಶ್ನೆ: ವಸೂಲಾಗದ ಸಾಲ ಮತ್ತು ಸಂಶಯಾಸ್ಪದ ಸಾಲದ ನಿಧಿಯ ಲೆಕ್ಕ ಪ್ರತಿ ಸಲ ಗೋಜಲಾಗುತ್ತದೆ.

ತಾಳೆ ಪಟ್ಟಿಯಲ್ಲಿ (ಟ್ರಯಲ್ ಬ್ಯಾಲೆನ್ಸ್) ಸಾಲಗಾರರು (ನಮಗೆ ಹಣ ಕೊಡಬೇಕಾದವರು) 1,06,000, ವಸೂಲಾಗದ ಸಾಲ 3,000, ಹಳೆಯ ನಿಧಿ 4,000. ಹೊಂದಾಣಿಕೆ: ಇನ್ನೂ 6,000 ವಸೂಲಾಗದು, ಶೇ 5 ನಿಧಿ ಇಡಿ. ಮೊದಲು 1,06,000ದಿಂದ 6,000 ಕಳೆಯಿರಿ, 1,00,000. ಅದರ ಶೇ 5 ಅಂದರೆ 5,000 ಹೊಸ ನಿಧಿ. ಲಾಭ-ನಷ್ಟ ಖಾತೆಗೆ 3,000 + 6,000 + 5,000 − 4,000 = 10,000. ಅಢಾವೆ ಪತ್ರಿಕೆಯಲ್ಲಿ (ಬ್ಯಾಲೆನ್ಸ್ ಶೀಟ್) ಸಾಲಗಾರರು 95,000. ತಾಳೆ ಪಟ್ಟಿಯೊಳಗಿನ 3,000 ಈಗಾಗಲೇ ಸಾಲಗಾರರಿಂದ ಕಳೆದಾಗಿದೆ, ಮತ್ತೆ ಕಳೆಯಬೇಡಿ. ಶೇ 5ನ್ನು 1,06,000ದ ಮೇಲೆ ತೆಗೆದರೆ ಅಲ್ಲಿಗೆ ಅಂಕ ಹೋಯಿತು.

ವ್ಯಾಪಾರದಲ್ಲಿ ನಿಧಿಗೆ ತೆರಿಗೆ ವಿನಾಯಿತಿ ಇಲ್ಲ. ಪುಸ್ತಕದಲ್ಲಿ ನಿಜವಾಗಿ ಬರೆದುಹಾಕಿದ ಸಾಲಕ್ಕೆ ಮಾತ್ರ ಇದೆ. ಗಿರಾಕಿ ಹಣ ಕೊಡಲಿಲ್ಲವೆಂದು ಕಟ್ಟಿದ ಜಿಎಸ್‌ಟಿ ವಾಪಸ್ ಬರುವುದಿಲ್ಲ, ಅದಕ್ಕೆ ಕ್ರೆಡಿಟ್ ನೋಟ್ ಕೊಡುವ ಹಾದಿಯೂ ಇಲ್ಲ. ದಲಾಲಿ ಅಂಗಡಿಯವರು ರೈತರಿಗೆ ಕೊಟ್ಟ ಮುಂಗಡವನ್ನು ಮಾರಾಟದ ಬಾಕಿಯ ಜತೆ ಕಲಸಬಾರದು. ಅದು ಮುಂಗಡಗಳ ಗುಂಪಿನಲ್ಲಿ ಬೇರೆ ನಿಲ್ಲಬೇಕು.

ಪ್ರಶ್ನೆ: ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿ ರೈತರಿಂದ ನೇರ ಹತ್ತಿ ಕೊಳ್ಳುತ್ತದೆ. ರೈತನಿಗೆ ಜಿಎಸ್‌ಟಿ ಇಲ್ಲ. ನಾವು ಏನು ಬರೆಯಬೇಕು?

ರೈತನಿಂದ ನೋಂದಾಯಿತ ವ್ಯಾಪಾರಿ ಕೊಳ್ಳುವ ಕಚ್ಚಾ ಹತ್ತಿಗೆ ಕೊಳ್ಳುವವರೇ ಶೇ 5 ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ (ಆರ್‌ಸಿಎಂ) ಪ್ರಕಾರ ಕಟ್ಟಬೇಕು. 10,00,000 ರೂ. ಖರೀದಿಗೆ (ಸಿಜಿಎಸ್‌ಟಿ ಕೇಂದ್ರದ ಪಾಲು, ಎಸ್‌ಜಿಎಸ್‌ಟಿ ರಾಜ್ಯದ ಪಾಲು):

ಹತ್ತಿ ಖರೀದಿ ಖಾತೆ, ಡೆಬಿಟ್ 10,00,000
ರೈತರ ಖಾತೆಗೆ, ಕ್ರೆಡಿಟ್ 10,00,000

ಆರ್‌ಸಿಎಂ ಇನ್‌ಪುಟ್ ಸಿಜಿಎಸ್‌ಟಿ, ಡೆಬಿಟ್ 25,000
ಆರ್‌ಸಿಎಂ ಇನ್‌ಪುಟ್ ಎಸ್‌ಜಿಎಸ್‌ಟಿ, ಡೆಬಿಟ್ 25,000
ಆರ್‌ಸಿಎಂ ಸಿಜಿಎಸ್‌ಟಿ ಬಾಕಿಗೆ, ಕ್ರೆಡಿಟ್ 25,000
ಆರ್‌ಸಿಎಂ ಎಸ್‌ಜಿಎಸ್‌ಟಿ ಬಾಕಿಗೆ, ಕ್ರೆಡಿಟ್ 25,000

ಈ 50,000ವನ್ನು ನಗದು ಲೆಡ್ಜರ್‌ನಿಂದಲೇ ಕಟ್ಟಬೇಕು. ಪೋರ್ಟಲ್‌ನಲ್ಲಿ ಎಷ್ಟೇ ಐಟಿಸಿ ಇದ್ದರೂ ಅದರಿಂದ ತೀರಿಸಲಾಗದು. ಕಟ್ಟಿದ ಮೇಲೆ ಅಷ್ಟೇ ಮೊತ್ತ ಐಟಿಸಿಯಾಗಿ ವಾಪಸ್ ಸಿಗುತ್ತದೆ. ಹಾಗಾಗಿ ಲಾಭಕ್ಕೆ ಪೆಟ್ಟಿಲ್ಲ, ಕೈಯಲ್ಲಿನ ಹಣಕ್ಕೆ ಮಾತ್ರ ಬಿಗಿ. ಮಾರ್ಚ್ ಖರೀದಿಯ ಬಾಬ್ತು ಏಪ್ರಿಲ್‌ನಲ್ಲಿ ಕಟ್ಟುವುದರಿಂದ ಮಾರ್ಚ್ 31ರ ಅಢಾವೆಯಲ್ಲಿ ಎರಡು ಕಡೆಯೂ 50,000 ಕಾಣಬೇಕು. ಒಂದಕ್ಕೊಂದು ಕಳೆದು ಸೊನ್ನೆ ಮಾಡಬೇಡಿ. ಪ್ರತಿ ಖರೀದಿಗೂ ನೀವೇ ಇನ್‌ವಾಯ್ಸ್ ಬರೆದುಕೊಳ್ಳಬೇಕು.

ಒಬ್ಬರಿಗೆ ದಿನಕ್ಕೆ 10,000 ಮೀರಿ ನಗದು ಕೊಟ್ಟರೆ ಖರ್ಚು ತಿರಸ್ಕೃತವಾಗುತ್ತದೆ ಎಂಬ 40ಎ(3) ನಿಯಮಕ್ಕೆ ಬೆಳೆದವರಿಗೇ ಕೊಟ್ಟ ಹಣ ಹೊರತು. ಆದರೆ ಬೆಳೆದವರಿಗೇ ಕೊಟ್ಟದ್ದು ಎಂದು ತೋರಿಸಲು ಪಹಣಿ ಪ್ರತಿಯೂ ಸಹಿಯೂ ಫೈಲಿನಲ್ಲಿರಲಿ. ನಡುವೆ ವ್ಯಾಪಾರಿ ಇದ್ದರೆ ಈ ವಿನಾಯಿತಿ ಇಲ್ಲ.

ಪ್ರಶ್ನೆ: ತಿಂಗಳ ಕೊನೆಯ ಜಿಎಸ್‌ಟಿ ಹೊಂದಾಣಿಕೆ ನಮೂದಿನಲ್ಲಿ ಹಣ ಉಳಿಸಬಹುದೇ?

ಉಳಿಸಬಹುದು, ಅದೂ ಕಾನೂನಿನೊಳಗೇ. ಅಹಮದಾಬಾದ್‌ನಿಂದ ಡೆನಿಮ್ ತರಿಸುವ ಬಳ್ಳಾರಿಯ ಘಟಕವನ್ನು ತೆಗೆದುಕೊಳ್ಳಿ. ಮಾರಾಟದ ಮೇಲೆ ಸಿಜಿಎಸ್‌ಟಿ 60,000, ಎಸ್‌ಜಿಎಸ್‌ಟಿ 60,000. ಐಟಿಸಿ: ಐಜಿಎಸ್‌ಟಿ (ಬೇರೆ ರಾಜ್ಯದಿಂದ ತರಿಸಿದ ಮಾಲಿನ ತೆರಿಗೆ) 50,000, ಸಿಜಿಎಸ್‌ಟಿ 25,000, ಎಸ್‌ಜಿಎಸ್‌ಟಿ 30,000. ಐಜಿಎಸ್‌ಟಿ ಐಟಿಸಿಯನ್ನು ಮೊದಲು ಮುಗಿಸಬೇಕು. ಐಜಿಎಸ್‌ಟಿ ಬಾಕಿ ಇಲ್ಲದಾಗ ಉಳಿದೆರಡಕ್ಕೆ ಯಾವ ಪ್ರಮಾಣದಲ್ಲಾದರೂ ಹಂಚಬಹುದು. 50,000 ಪೂರ್ತಿ ಸಿಜಿಎಸ್‌ಟಿಗೆ ಹಾಕಿದರೆ ಅಲ್ಲಿ 15,000 ಐಟಿಸಿ ಬಳಕೆಯಾಗದೆ ಉಳಿಯುತ್ತದೆ, ಎಸ್‌ಜಿಎಸ್‌ಟಿಗೆ 30,000 ನಗದು ಕಟ್ಟಬೇಕು. ಸಿಜಿಎಸ್‌ಟಿ ಐಟಿಸಿಯನ್ನು ಎಸ್‌ಜಿಎಸ್‌ಟಿಗೆ ಬಳಸುವಂತಿಲ್ಲವಲ್ಲ! ಅದರ ಬದಲು 35,000 ಸಿಜಿಎಸ್‌ಟಿಗೆ, 15,000 ಎಸ್‌ಜಿಎಸ್‌ಟಿಗೆ ಹಂಚಿದರೆ ಕಟ್ಟಬೇಕಾದ್ದು 15,000 ಮಾತ್ರ. ಪುಸ್ತಕದ ಜರ್ನಲ್ ಜಿಎಸ್‌ಟಿಯ 3ಬಿ ರಿಟರ್ನ್‌ನಲ್ಲಿ ಹಾಕಿದ ಹಂಚಿಕೆಯಂತೆಯೇ ಇರಬೇಕು, ಇಲ್ಲದಿದ್ದರೆ ಲೆಡ್ಜರ್‌ಗಳು ಪೋರ್ಟಲ್‌ಗೆ ತಾಳೆಯಾಗುವುದೇ ಇಲ್ಲ.

ವರ್ಷಾಂತ್ಯಕ್ಕೆ 2ಬಿಯಲ್ಲಿ ಕಾಣದ ಬಿಲ್‌ಗಳ ಪಟ್ಟಿ ಬೇರೆ ಮಾಡಿ. ಆ ಐಟಿಸಿ ಪಡೆಯಲು ಮುಂದಿನ ನವೆಂಬರ್ 30ರವರೆಗೆ ಮಾತ್ರ ಅವಕಾಶ, ಅಷ್ಟರೊಳಗೆ ವಾರ್ಷಿಕ ರಿಟರ್ನ್ ಹಾಕಿದರೆ ಅಲ್ಲಿಗೇ ಮುಗಿಯಿತು. ಮಾರಿದವರಿಗೆ 180 ದಿನದೊಳಗೆ ಹಣ ಕೊಡದ ಬಿಲ್‌ಗಳ ಐಟಿಸಿಯನ್ನು ಬಡ್ಡಿಯೊಂದಿಗೆ ವಾಪಸ್ ಮಾಡಬೇಕಾದೀತು. ಅದನ್ನೂ ಇದೇ ಪಟ್ಟಿಯಲ್ಲಿ ಗುರುತಿಸಿ.

ಪ್ರಶ್ನೆ: ಸಣ್ಣ ಕೈಗಾರಿಕೆಗಳಿಗೆ ಕೊಡಬೇಕಾದ ಬಾಕಿಯ ಬಗ್ಗೆ ಆಡಿಟರ್ ಯಾಕಷ್ಟು ಕೇಳುತ್ತಾರೆ?

ಕಲಂ 43ಬಿ(ಎಚ್) ಕಾರಣಕ್ಕೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ತಯಾರಕರು ಮತ್ತು ಸೇವೆ ಕೊಡುವವರಿಗೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ಆ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷ ಆ ಖರ್ಚಿಗೆ ಕಡಿತ ಸಿಗದು, ಹಣ ಕೊಟ್ಟ ವರ್ಷ ಸಿಗುತ್ತದೆ. ಬ್ಯಾಂಕ್ ಬಡ್ಡಿ, ತೆರಿಗೆಗಳಂತೆ ರಿಟರ್ನ್ ಹಾಕುವ ಮೊದಲು ಕಟ್ಟಿದರೆ ಸಾಕು ಎಂಬ ಸೌಲಭ್ಯ ಇದಕ್ಕಿಲ್ಲ. ಫೆಬ್ರವರಿಯಲ್ಲೇ ಪಟ್ಟಿ ಮಾಡುವುದು ಒಳ್ಳೆಯದು, ಮಾರ್ಚ್ 31ರ ನಂತರ ಮಾಡಿದರೆ ಪಟ್ಟಿಯಿಂದ ಏನೂ ಉಪಯೋಗವಿಲ್ಲ.

ಪ್ರಶ್ನೆ: ಮಾರ್ಚ್ 30ಕ್ಕೆ ಸಿಂಧನೂರಿನಿಂದ ಹೊರಟ ಲಾರಿ ಏಪ್ರಿಲ್ 2ಕ್ಕೆ ಊರು ಮುಟ್ಟಿತು. ಮಾರಾಟ ಯಾವ ವರ್ಷದ್ದು?

ಮಾಲಿನ ಹೊಣೆ ಗಿರಾಕಿಗೆ ಯಾವಾಗ ದಾಟುತ್ತದೆ ನೋಡಿ. ಲೋಡ್ ಆದ ಕೂಡಲೇ ದಾಟುವ ಕರಾರಾದರೆ ಮಾರ್ಚ್‌ನ ಮಾರಾಟ. ಅವರ ಗೋದಾಮಿಗೆ ತಲುಪಿಸುವವರೆಗೆ ನಿಮ್ಮದೇ ಹೊಣೆಯಾದರೆ ಆ ಮಾಲು ಮಾರ್ಚ್ 31ಕ್ಕೆ ನಿಮ್ಮ ದಾಸ್ತಾನು. ಬಿಲ್ ಮಾರ್ಚ್‌ನದಾದ್ದರಿಂದ ಜಿಎಸ್‌ಟಿ ರಿಟರ್ನ್‌ನಲ್ಲಿ ಅದು ಮಾರ್ಚ್‌ಗೇ ಹೋಗುತ್ತದೆ. ಈ ವ್ಯತ್ಯಾಸವನ್ನು ತಾಳೆ ಹಾಳೆಯಲ್ಲಿ ಒಂದು ಸಾಲು ಬರೆದಿಡಿ. ಮಾರಾಟವನ್ನೂ ಬರೆದು ದಾಸ್ತಾನಿಗೂ ಸೇರಿಸುವುದು ಮಾತ್ರ ಆಗಬಾರದು.

ಪ್ರಶ್ನೆ: ಮನೆಗೆ ಒಯ್ದ ಅಕ್ಕಿ, ಜೀನ್ಸ್?

ಡ್ರಾಯಿಂಗ್ಸ್ ಖಾತೆ ಡೆಬಿಟ್, ಖರೀದಿ ಖಾತೆ ಕ್ರೆಡಿಟ್, ಅದೂ ಕೊಂಡ ಬೆಲೆಗೆ. ಜೀನ್ಸಿಗೆ ಐಟಿಸಿ ತೆಗೆದುಕೊಂಡಿದ್ದರೆ ಅಷ್ಟನ್ನು ವಾಪಸ್ ಮಾಡಿ ಡ್ರಾಯಿಂಗ್ಸ್‌ಗೇ ಸೇರಿಸಿ.

ಪ್ರಶ್ನೆ: ಪಾಲುದಾರಿಕೆ ಸಂಸ್ಥೆಯಲ್ಲಿ ಪಾಲುದಾರರ ಸಂಬಳ ಎಷ್ಟರವರೆಗೆ ಬರೆಯಬಹುದು?

ಒಪ್ಪಂದ ಪತ್ರದಲ್ಲಿ ಬರೆದಿದ್ದರೆ ಮಾತ್ರ ಬರೆಯಬಹುದು. ಮೊದಲು ಬಂಡವಾಳದ ಬಡ್ಡಿ, ಹೆಚ್ಚೆಂದರೆ ಶೇ 12, ಕಳೆಯಿರಿ. ಉಳಿದ ಪುಸ್ತಕ ಲಾಭದ ಮೊದಲ 6,00,000ಕ್ಕೆ ಶೇ 90 ಅಥವಾ 3,00,000, ಯಾವುದು ಹೆಚ್ಚೋ ಅದು. ಮೇಲಿನದಕ್ಕೆ ಶೇ 60. ಲಾಭ 8,00,000 ಇದ್ದರೆ 5,40,000 + 1,20,000 = 6,60,000 ಎಲ್ಲ ದುಡಿಯುವ ಪಾಲುದಾರರಿಗೂ ಸೇರಿ ಮಿತಿ. ಲಾಭದ ಪಾಲು ಹಂಚುವುದು ಇದಾದ ಮೇಲೆ, ಸಂಸ್ಥೆಯ ತೆರಿಗೆಗೆ ಏರ್ಪಾಡು ಮಾಡಿದ ಮೇಲೆ.

2025ರ ಏಪ್ರಿಲ್ 1ರಿಂದ 194ಟಿ ಬಂದಿದೆ. ಪಾಲುದಾರರಿಗೆ ಸಂಬಳ, ಬಡ್ಡಿ, ಕಮಿಷನ್ ಸೇರಿ ವರ್ಷಕ್ಕೆ 20,000 ಮೀರಿದರೆ ಶೇ 10 ಟಿಡಿಎಸ್. ಬಂಡವಾಳ ಖಾತೆಗೆ ಜಮೆ ಮಾಡಿದರೂ ಕಡಿತ ಆಗಲೇಬೇಕು. ಹಳೆಯ ಅಭ್ಯಾಸದಂತೆ ಸೆಪ್ಟೆಂಬರ್‌ನಲ್ಲಿ ಕುಳಿತು ಮಾರ್ಚ್ 31ರ ದಿನಾಂಕ ಹಾಕಿ ಈ ನಮೂದು ಬರೆದರೆ ಏಪ್ರಿಲ್ 30ರ ಗಡುವು ಆಗಲೇ ಹೋಗಿರುತ್ತದೆ, ಬಡ್ಡಿ ತೆರಬೇಕಾಗುತ್ತದೆ.

ಪ್ರಶ್ನೆ: ಪರೀಕ್ಷೆಯ ಫೈನಲ್ ಅಕೌಂಟ್ಸ್ ಲೆಕ್ಕದಲ್ಲಿ ಅಢಾವೆ ತಾಳೆಯಾಗುವುದಿಲ್ಲ. ಎಲ್ಲಿ ಹುಡುಕಲಿ?

ತಾಳೆ ಪಟ್ಟಿಯ ಒಳಗಿನದು ಒಂದು ಕಡೆ, ಹೊರಗೆ ಕೊಟ್ಟ ಹೊಂದಾಣಿಕೆ ಎರಡು ಕಡೆ. ಇದೊಂದನ್ನು ಪಾಲಿಸಿದರೆ ಮುಕ್ಕಾಲು ತಪ್ಪು ಹೋಗುತ್ತದೆ. ಬಾಕಿ ಸಂಬಳ ಪಟ್ಟಿಯೊಳಗೇ ಇದ್ದರೆ ಅಢಾವೆಯ ಹೊಣೆ ಕಡೆಗೆ ಮಾತ್ರ. ಅಂತಿಮ ದಾಸ್ತಾನು ಪಟ್ಟಿಯೊಳಗಿದ್ದರೆ ಟ್ರೇಡಿಂಗ್ ಖಾತೆಗೆ ಹೋಗುವಂತಿಲ್ಲ. ವ್ಯವಸ್ಥಾಪಕರ ಕಮಿಷನ್ ‘ಕಮಿಷನ್ ಕಳೆದ ನಂತರದ ಲಾಭದ ಮೇಲೆ ಶೇ 10’ ಎಂದಿದ್ದರೆ 1,10,000 × 10 ÷ 110 = 10,000; ನೇರ ಶೇ 10 ತೆಗೆದು 11,000 ಬರೆಯಬೇಡಿ.

ತಾಳೆ ಪಟ್ಟಿಯೇ ಕೂಡದಿದ್ದರೆ ವ್ಯತ್ಯಾಸವನ್ನು 2ರಿಂದ ಭಾಗಿಸಿ, ಅಷ್ಟು ಮೊತ್ತ ತಪ್ಪು ಕಡೆ ಬಿದ್ದಿದೆಯೇ ನೋಡಿ. 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು: 5,800 ಬರೆಯುವಲ್ಲಿ 8,500 ಬರೆದರೆ ವ್ಯತ್ಯಾಸ 2,700.

ಪ್ರಶ್ನೆ: ಯಾವ ತಪ್ಪಿಗೆ ಸಸ್ಪೆನ್ಸ್ ಖಾತೆ ಬೇಕು, ಯಾವುದಕ್ಕೆ ಬೇಡ?

ಸಸ್ಪೆನ್ಸ್ ಎಂದರೆ ತಾಳೆ ಪಟ್ಟಿಯ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಇಡುವ ಖಾತೆ. ತಪ್ಪು ಒಂದೇ ಕಡೆ ಆಗಿದ್ದರೆ ಅದು ಬೇಕು. 2,300 ರೂ. ಮಾರಾಟವನ್ನು ಗಿರಾಕಿಯ ಖಾತೆಗೆ ಡೆಬಿಟ್ ಮಾಡುವ ಬದಲು 3,200 ಎಂದು ಕ್ರೆಡಿಟ್ ಮಾಡಿದ್ದರೆ, ತಪ್ಪಿನ 3,200 ಅಳಿಸಿ ಸರಿಯಾದ 2,300 ಹಾಕಬೇಕು: ಗಿರಾಕಿ ಖಾತೆ ಡೆಬಿಟ್ 5,500, ಸಸ್ಪೆನ್ಸ್ ಖಾತೆ ಕ್ರೆಡಿಟ್ 5,500. ಯಂತ್ರದ ರಿಪೇರಿ 4,500ನ್ನು ಯಂತ್ರದ ಖಾತೆಗೆ ಬರೆದಿದ್ದರೆ ಎರಡು ಕಡೆಯೂ ಮೊತ್ತ ಸರಿಯಿದೆ, ಸಸ್ಪೆನ್ಸ್ ಬೇಡ: ರಿಪೇರಿ ಖಾತೆ ಡೆಬಿಟ್, ಯಂತ್ರದ ಖಾತೆ ಕ್ರೆಡಿಟ್. ಆ 4,500ರ ಮೇಲೆ ಹಾಕಿದ ಸವಕಳಿಯನ್ನೂ ತೆಗೆಯಿರಿ. ವರ್ಷ ಮುಗಿದ ಮೇಲೆ ಸಿಕ್ಕ ತಪ್ಪಾದರೆ ರಿಪೇರಿ ಖಾತೆಯ ಜಾಗದಲ್ಲಿ ಲಾಭ-ನಷ್ಟ ಹೊಂದಾಣಿಕೆ ಖಾತೆ ಬರುತ್ತದೆ. ಟ್ಯಾಲಿಯಲ್ಲಿ ಒಂದೇ ಕಡೆಯ ನಮೂದು ಹಾಕಲು ಆಗದು, ಹಾಗಾಗಿ ಅಲ್ಲಿ ಸಸ್ಪೆನ್ಸ್ ಎಂದರೆ ಯಾರು ಕಳಿಸಿದರೆಂದು ಗೊತ್ತಿಲ್ಲದ ಬ್ಯಾಂಕ್ ಜಮೆ. ಮಾರ್ಚ್ 31ಕ್ಕೆ ಅದು ಸೊನ್ನೆ ಆಗಬೇಕು.

ಪ್ರಶ್ನೆ: ಟ್ಯಾಲಿಯಲ್ಲಿ ಮುಕ್ತಾಯ ನಮೂದು ಹಾಕಬೇಕೇ? ಕಾಗದಗಳನ್ನು ಎಷ್ಟು ವರ್ಷ ಇಡಬೇಕು?

ಖರ್ಚು, ಆದಾಯದ ಖಾತೆಗಳನ್ನು ಒಂದೊಂದಾಗಿ ಮುಚ್ಚುವ ಅಗತ್ಯವಿಲ್ಲ, ಹೊಸ ವರ್ಷಕ್ಕೆ ಅವು ತಾವೇ ಸೊನ್ನೆಯಿಂದ ಶುರುವಾಗುತ್ತವೆ. ಲಾಭವನ್ನು ಬಂಡವಾಳಕ್ಕೆ ಒಯ್ಯುವ ಒಂದು ಜರ್ನಲ್ ಮಾತ್ರ ನೀವು ಎಫ್7 ಒತ್ತಿ ಹಾಕಬೇಕು: ಲಾಭ-ನಷ್ಟ ಖಾತೆ ಡೆಬಿಟ್, ಬಂಡವಾಳ ಖಾತೆ ಕ್ರೆಡಿಟ್. ವಿವರಣೆಯಲ್ಲಿ ‘ವರ್ಷಾಂತ್ಯದ ಹೊಂದಾಣಿಕೆ’ ಎಂದಷ್ಟೇ ಬರೆದು ಬಿಡಬೇಡಿ. ‘ಮಾರ್ಚ್ 12ರಿಂದ 31, 20 ದಿನ, ದಿನಕ್ಕೆ 1,500’ ಎಂದು ಲೆಕ್ಕವನ್ನೇ ಬರೆಯಿರಿ. ಕಂಪನಿಯಾದರೆ ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವ ಸಾಫ್ಟ್‌ವೇರ್ 2023ರ ಏಪ್ರಿಲ್ 1ರಿಂದ ಕಡ್ಡಾಯ, ಅದನ್ನು ಆರಿಸುವಂತಿಲ್ಲ.

ಕಂಪನಿಗಳು ಪುಸ್ತಕ, ವೋಚರ್‌ಗಳನ್ನು 8 ವರ್ಷ ಇಡಬೇಕು. ಜಿಎಸ್‌ಟಿ ದಾಖಲೆಗಳಿಗೆ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. ಥರ್ಮಲ್ ಕಾಗದದ ತೂಕದ ಚೀಟಿ, ಪೆಟ್ರೋಲ್ ಬಂಕ್ ಬಿಲ್ ಅಷ್ಟು ದಿನ ಬಾಳುವುದಿಲ್ಲ, ಅಕ್ಷರ ಮಾಸಿಹೋಗುತ್ತದೆ. ಬಂದ ವಾರವೇ ಸ್ಕ್ಯಾನ್ ಮಾಡಿ ಆಯಾ ವೋಚರ್ ಸಂಖ್ಯೆಯ ಹೆಸರಿನಲ್ಲಿ ಉಳಿಸಿ.